ನಾಲ್ಕು ವರ್ಷದ ಮಗುವನ್ನು ಯಾವ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದು?

ಪ್ರಶ್ನೆ: ನಮಗಿಬ್ಬರು ಮಕ್ಕಳು. ಮಗನಿಗೆ ಏಳು, ಮಗಳಿಗೆ ನಾಲ್ಕು. ರಜೆಯಲ್ಲಿ ಎಲ್ಲಾದರೂ ಬೆಟ್ಟಕ್ಕೆ ಹೋಗಿ ಸ್ವಲ್ಪ ನಡೆಸೋಣ ಅಂತ ಆಸೆ. ಆದರೆ ಚಿಕ್ಕವಳು ಅರ್ಧ ದಾರಿಯಲ್ಲಿ ‘ಎತ್ಕೋ’ ಅಂತ ಕೂತುಬಿಟ್ಟರೆ ಏನು ಮಾಡೋದು? ಇಷ್ಟು ಸಣ್ಣ ಮಕ್ಕಳಿಗೆ ಯಾವ ಜಾಗ ಸರಿ?

ಉತ್ತರ: ಕೂತೇ ಕೂರುತ್ತಾಳೆ, ಅದರಲ್ಲಿ ಅನುಮಾನ ಬೇಡ. ಆದ್ದರಿಂದ ಎತ್ತರ ಎಷ್ಟು, ಎಷ್ಟು ಕಿಲೋಮೀಟರ್ ಅಂತ ನೋಡುವ ಮೊದಲು ಇನ್ನೊಂದು ಲೆಕ್ಕ ಹಾಕಿ. ಅವಳು ಎಲ್ಲಿ ಕೂತರೂ ಅಲ್ಲಿಂದ ಅವಳನ್ನು ಎತ್ತಿಕೊಂಡು ಕಾಲು ಗಂಟೆಯೊಳಗೆ ಕಾರಿಗೋ ಬಸ್ಸಿಗೋ ವಾಪಸ್ ಬರಬಹುದಾ? ಬರಬಹುದು ಅಂತಾದರೆ ಆ ಬೆಟ್ಟ ನಿಮಗೆ ಸರಿ. ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಇನ್ನು ನಾಲ್ಕೈದು ವರ್ಷ ಬಿಟ್ಟು ನೋಡೋಣ. ಕುಮಾರ ಪರ್ವತ, ಸ್ಕಂದಗಿರಿ, ಕೊಡಚಾದ್ರಿಯ ಕಾಲುದಾರಿ ಎಲ್ಲ ಇಲ್ಲೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಸಾವನದುರ್ಗವೂ ಅಷ್ಟೆ. ಬೋಳು ಬಂಡೆ ಹತ್ತೋದು ಮಕ್ಕಳಿಗೆ ಆಟ. ಅಳುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದೇ ಬಂಡೆ ಇಳಿಯೋದು ದೊಡ್ಡವರಿಗೂ ಆಟ ಅಲ್ಲ.

ಮೊದಲ ಸಲಕ್ಕೆ ನನ್ನ ಆಯ್ಕೆ ಮೈಸೂರಿನ ಚಾಮುಂಡಿ ಬೆಟ್ಟ. ಆದರೆ ಎಲ್ಲರೂ ಮಾಡುವ ಹಾಗೆ ಕೆಳಗಿನಿಂದ ಶುರು ಮಾಡಬೇಡಿ. ಸಾವಿರ ಮೆಟ್ಟಿಲು ಏರುವ ಹೊತ್ತಿಗೆ ಮಕ್ಕಳಿಗಿಂತ ನೀವೇ ಸುಸ್ತಾಗಿರುತ್ತೀರಿ. ವಾಹನದಲ್ಲಿ ಮೇಲಕ್ಕೆ ಹೋಗಿ, ದರ್ಶನ ಮುಗಿಸಿ, ಅಲ್ಲಿಂದ ಮೆಟ್ಟಿಲಿಳಿದು ದೊಡ್ಡ ನಂದಿಯವರೆಗೆ ಬನ್ನಿ. ಸುಮಾರು ಮುನ್ನೂರು ಮೆಟ್ಟಿಲು, ಅಷ್ಟೆ. ನಂದಿಯ ಹತ್ತಿರಕ್ಕೆ ವಾಹನದ ರಸ್ತೆ ಇದೆ. ನಿಮ್ಮಲ್ಲಿ ಒಬ್ಬರು ಕಾರನ್ನು ಸುತ್ತು ಹಾಕಿಸಿ ಅಲ್ಲಿಗೆ ತಂದರೆ ಏರುವ ಕೆಲಸವೇ ಇಲ್ಲ. ದಾರಿಯ ಕೊನೆಯಲ್ಲಿ ಹದಿನಾರು ಅಡಿ ಎತ್ತರದ ಬಸವ ಕೂತಿದ್ದಾನೆ. ಹದಿನೇಳನೇ ಶತಮಾನದಲ್ಲಿ, ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಒಂದೇ ಬಂಡೆಯಲ್ಲಿ ಕೆತ್ತಿದ್ದು. ‘ಇನ್ನೆಷ್ಟು ದೂರ’ ಅಂತ ಕೇಳುವ ಮಗುವಿಗೆ ‘ಬಸವಣ್ಣ ಸಿಗೋವರೆಗೆ’ ಅಂತ ಹೇಳಬಹುದು. ‘ವ್ಯೂ ಪಾಯಿಂಟ್‌ವರೆಗೆ’ ಅಂದರೆ ಯಾವ ಮಗು ತಾನೇ ನಡೆಯುತ್ತೆ?

ಒಂದು ಎಚ್ಚರ. ಮೆಟ್ಟಿಲುಗಳು ಒಂದೇ ಎತ್ತರದಲ್ಲಿಲ್ಲ. ಮಕ್ಕಳು ಬೀಳುವುದು ಏರುವಾಗ ಅಲ್ಲ, ಓಡಿ ಇಳಿಯುವಾಗ. ಚಿಕ್ಕವಳ ಕೈ ಹಿಡಿದವರು ಅವಳಿಗಿಂತ ಒಂದು ಮೆಟ್ಟಿಲು ಕೆಳಗಿರಲಿ.

ಬೆಂಗಳೂರಿನವರಿಗೆ ನಂದಿಬೆಟ್ಟ ಇದ್ದೇ ಇದೆ. ಎತ್ತರ 1,478 ಮೀಟರ್, ಆದರೆ ಮೇಲಿನ ತನಕ ರಸ್ತೆ. ಮೇಲೆ ಹೋದ ಮೇಲೆ ಕೋಟೆ ಗೋಡೆ, ಅಮೃತ ಸರೋವರ, ಯೋಗನಂದೀಶ್ವರನ ಗುಡಿ, ಮರಗಳ ನೆರಳಿನ ದಾರಿ. ಯಾವ ಕಡೆ ಹೋದರೂ ತಿರುಗಿ ಬರುವುದು ಸುಲಭ. ಇಲ್ಲಿ ನನ್ನದೊಂದು ತಕರಾರಿದೆ: ಮಕ್ಕಳನ್ನು ಸೂರ್ಯೋದಯಕ್ಕೆ ಕರೆದುಕೊಂಡು ಹೋಗಬೇಡಿ. ಮೂರೂವರೆಗೆ ಎಬ್ಬಿಸಿ, ಶನಿವಾರದ ವಾಹನಗಳ ಸಾಲಿನಲ್ಲಿ ಕೂರಿಸಿ, ಕೊನೆಗೆ ಮಂಜಿನಲ್ಲಿ ಸೂರ್ಯನೇ ಕಾಣದೆ ವಾಪಸ್ ಬರೋದು ಯಾರಿಗೆ ಬೇಕು? ವಾರದ ಮಧ್ಯೆ, ತಿಂಡಿ ಮುಗಿಸಿ ಒಂಬತ್ತು ಗಂಟೆ ಹೊತ್ತಿಗೆ ಅಲ್ಲಿರಿ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪಾಗುತ್ತೆ. ಆ ಲೆಕ್ಕದಲ್ಲಿ ನಂದಿಯ ಮೇಲೆ ಬೆಂಗಳೂರಿಗಿಂತ ಮೂರು ಡಿಗ್ರಿಯಷ್ಟೇ ಕಡಿಮೆ. ಆದರೆ ಗಾಳಿ ಜೋರು. ಸ್ವೆಟರ್‌ಗಿಂತ ಗಾಳಿ ತಡೆಯುವ ಜಾಕೆಟ್ಟು, ಕಿವಿ ಮುಚ್ಚುವ ಟೋಪಿ ಹೆಚ್ಚು ಉಪಯೋಗ.

ನಂದಿ, ಚಾಮುಂಡಿ ಎರಡೂ ಕಡೆ ಕೋತಿಗಳಿವೆ. ಅವುಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಸಾಕು. ಮಗುವಿನ ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಕೊಡಲೇಬೇಡಿ. ತಿನ್ನೋದೇನಿದ್ದರೂ ಕಾರಿನೊಳಗೆ. ಕಿತ್ತುಕೊಳ್ಳಲು ಬಂದರೆ ಎಳೆದಾಡಬೇಡಿ, ಬಿಟ್ಟುಬಿಡಿ. ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಚುಚ್ಚುಮದ್ದಿನ ವಿಷಯದಲ್ಲಿ ‘ನಾಳೆ ನೋಡೋಣ’ ಅನ್ನಬಾರದು.

ಇನ್ನು ಎಷ್ಟು ನಡೆಸಬೇಕು? ಕಿಲೋಮೀಟರ್ ಮರೆತುಬಿಡಿ, ಗಡಿಯಾರ ನೋಡಿ. ನಾಲ್ಕು ವರ್ಷದ ಮಗು ಗಂಟೆಗೆ ಒಂದು ಕಿಲೋಮೀಟರ್ ನಡೆದರೆ ಜಾಸ್ತಿ. ಕಾಲಲ್ಲಿ ಶಕ್ತಿ ಇಲ್ಲ ಅಂತಲ್ಲ, ಹತ್ತು ಹೆಜ್ಜೆಗೊಮ್ಮೆ ಕುಕ್ಕರಗಾಲಲ್ಲಿ ಕೂರುತ್ತೆ. ನಡಿಗೆಯ ರುಚಿ ಇರೋದೇ ಅಲ್ಲಿ. ಗುಡಿಯ ಜಗಲಿಯ ಕೆಳಗೆ, ಮಳೆ ತಾಗದ ಒಣ ಮಣ್ಣಿನಲ್ಲಿ, ಆಲಿಕೆಯಂಥ ಪುಟ್ಟ ಪುಟ್ಟ ಗುಂಡಿಗಳನ್ನು ನೀವು ನೋಡಿರಬಹುದು. ತಳದಲ್ಲಿ ಒಂದು ಹುಳ ಅಡಗಿರುತ್ತೆ. ಇರುವೆ ಜಾರಿ ಬಿದ್ದರೆ ಅದು ಕೆಳಗಿನಿಂದ ಮಣ್ಣು ಚಿಮ್ಮುತ್ತೆ. ಇರುವೆ ಮೇಲೆ ಹತ್ತಿದಷ್ಟೂ ಕೆಳಕ್ಕೆ ಜಾರುತ್ತೆ. ಒಂದು ಕಡ್ಡಿ ತುದಿಯಿಂದ ಅಂಚಿನ ಮಣ್ಣು ಮೆಲ್ಲಗೆ ಉದುರಿಸಿ, ಹುಳ ಮೋಸಹೋಗಿ ಚಿಮ್ಮೋದನ್ನು ಮಗಳಿಗೆ ತೋರಿಸಿ. ಇಪ್ಪತ್ತು ನಿಮಿಷ ಅಲ್ಲಿಂದ ಏಳಲ್ಲ. ಮಗನಿಗಾದರೆ ಬಂಡೆ, ತೊಗಟೆಗಳ ಮೇಲೆ ಬೂದು-ಹಸಿರಾಗಿ ಅಂಟಿಕೊಂಡಿರುವುದನ್ನು ತೋರಿಸಿ. ಅಡುಗೆಮನೆಯ ಮಸಾಲೆ ಡಬ್ಬಿಯ ಕಲ್ಲುಹೂವು ಇದೇ ಬಳಗದ್ದು. ಹೆಸರಿಗೆ ಹೂವು, ನಿಜಕ್ಕೆ ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಸಂಸಾರ ಮಾಡಿಕೊಂಡಿರುವ ಜೀವಿ. ನೋಡಲಿ, ಕೀಳೋದು ಬೇಡ.

ಇಂಥ ನಿಲುಗಡೆಗಳನ್ನೂ ಸೇರಿಸಿ ಹೋಗಲು ಒಂದು ಗಂಟೆ, ಬರಲು ಮುಕ್ಕಾಲು ಗಂಟೆ ಸಾಕು. ಮಗು ಇನ್ನೂ ಕುಣಿಯುತ್ತಿರುವಾಗಲೇ ತಿರುಗಿ. ಸುಸ್ತಾದ ಮೇಲೆ ತಿರುಗಿದರೆ ವಾಪಸ್ ದಾರಿ ಪೂರ್ತಿ ನಿಮ್ಮ ಹೆಗಲ ಮೇಲೆ.

ಮಲೆನಾಡಿನ ಕಡೆ ಹೋಗುವುದಾದರೆ ಯಾವ ಜಾಗ ಅನ್ನುವಷ್ಟೇ ಯಾವ ತಿಂಗಳು ಅನ್ನುವುದೂ ಮುಖ್ಯ. ಕುಮಟಾ ತಾಲ್ಲೂಕಿನ ಯಾಣ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ವಾಹನ ಬಿಟ್ಟ ಮೇಲೆ ಕಾಡಿನ ನೆರಳಲ್ಲಿ ಸ್ವಲ್ಪ ದೂರ, ಕೊನೆಗೊಂದಿಷ್ಟು ಮೆಟ್ಟಿಲು, ಆಮೇಲೆ ಎದುರಿಗೆ ಕಪ್ಪಗೆ ಎದ್ದುನಿಂತ ಭೈರವೇಶ್ವರ ಶಿಖರ, ಸುಮಾರು 120 ಮೀಟರ್. ಆದರೆ ಮಳೆಗಾಲದಲ್ಲಿ ಹೋದರೆ ಉಂಬಳ, ಅಂದರೆ ಕಾಡಿನ ಜಿಗಣೆ. ಅದು ಹೆದರುವಂಥದ್ದಲ್ಲ. ಉಪ್ಪು ಹಾಕಿದರೆ ಅಥವಾ ಉಗುರಿನಿಂದ ಮೆಲ್ಲಗೆ ಜಾರಿಸಿದರೆ ಬಿಡುತ್ತೆ. ರಕ್ತ ಬೇಗ ಹೆಪ್ಪುಗಟ್ಟದ ಹಾಗೆ ಅದು ಮಾಡಿರುವುದರಿಂದ ಸ್ವಲ್ಪ ಹೊತ್ತು ಹರಿಯುತ್ತೆ, ಅದಕ್ಕೆ ಮಕ್ಕಳು ಗಾಬರಿಯಾಗುತ್ತಾರೆ. ಮೊದಲೇ ಹೇಳಿಟ್ಟರೆ ಆಯಿತು.

ನಿಜವಾಗಿ ಜಾಗ್ರತೆ ಬೇಕಾಗಿರುವುದು ಒಣ ತಿಂಗಳಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಹುಳದಿಂದ ಹರಡುತ್ತೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಈಗಲೂ ಇದೆ. ಎಳೆಯ ಉಣ್ಣೆಗಳು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣವು, ತರಗೆಲೆಯಲ್ಲಿ ಇರುತ್ತವೆ. ಮಕ್ಕಳಿಗೆ ಇಷ್ಟವೂ ಅದೇ ತರಗೆಲೆ! ಆ ತಿಂಗಳುಗಳಲ್ಲಿ ಹೋಗುವ ಮುಂಚೆ ಸ್ಥಳೀಯರನ್ನೋ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಮಂಗ ಸತ್ತಿದೆ ಅಂತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಉದ್ದ ತೋಳಿನ ಅಂಗಿ, ಸಾಕ್ಸಿನೊಳಗೆ ಸೇರಿಸಿದ ಪ್ಯಾಂಟು, ವಾಪಸ್ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ. ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ನನ್ನನ್ನು ಕೇಳಿದರೆ ಯಾಣಕ್ಕೆ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯದು. ಉಂಬಳ ಕಡಿಮೆಯಾಗಿರುತ್ತೆ, ಉಣ್ಣೆಯ ಕಾಲ ಇನ್ನೂ ಬಂದಿರಲ್ಲ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಕಿರುಚಾಟ, ಕಲ್ಲು ಎಸೆಯೋದು ಬೇಡ ಅಂತ ಮಗನಿಗೆ ಕಾರಿನಲ್ಲೇ ಹೇಳಿಡಿ.

ಮುಳ್ಳಯ್ಯನಗಿರಿಯ ಆಸೆಯಿದ್ದರೆ ಏಳು ವರ್ಷದವನು ಆರಾಮಾಗಿ ಹತ್ತುತ್ತಾನೆ. 1,930 ಮೀಟರ್ ಅಂದರೂ ಮೆಟ್ಟಿಲು ಕೆಲವು ನೂರು ಅಷ್ಟೆ. ಚಿಕ್ಕವಳಿಗೆ ಅಲ್ಲಿನ ಗಾಳಿಯೇ ಕಷ್ಟ. ಒಬ್ಬರು ಮಗನ ಜೊತೆ ಹೋಗಿ ಬಂದು, ಆಮೇಲೆ ಇನ್ನೊಬ್ಬರು ಹೋಗಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ದೂರದಲ್ಲಿ ಗುಡುಗು ಕೇಳಿದರೂ ಬೋಳುಗುಡ್ಡದ ಮೇಲೆ ನಿಲ್ಲಬೇಡಿ.

ಅಂದ ಹಾಗೆ, ‘ಎತ್ಕೋ’ ಅಂದಾಗ ಎತ್ತಿಕೊಳ್ಳಲು ಬೆನ್ನಿಗೆ ಕಟ್ಟುವ ಕ್ಯಾರಿಯರ್ ಇಲ್ಲದಿದ್ದರೆ ಉದ್ದನೆಯ ಹತ್ತಿ ದುಪಟ್ಟಾ ಸಾಕು ಅನ್ನುವವರಿದ್ದಾರೆ. ಇಳಿಜಾರಿನಲ್ಲಿ ಅದನ್ನು ನಂಬಬೇಡಿ, ಒಳ್ಳೆಯ ಕ್ಯಾರಿಯರ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಹೊತ್ತುಕೊಂಡು ಹೋಗುವಾಗ ನಿಮಗೆ ಬೆವರು ಬರುತ್ತಿರುತ್ತೆ, ಅಲ್ಲಾಡದೆ ಕೂತ ಮಗುವಿಗೆ ಚಳಿ ಹತ್ತುತ್ತಿರುತ್ತೆ. ಆಗಾಗ ಪಾದ ಮುಟ್ಟಿ ನೋಡಿ, ತಣ್ಣಗಿದ್ದರೆ ಇನ್ನೊಂದು ಜೊತೆ ಸಾಕ್ಸ್ ಹಾಕಿ.