ಐಎಲ್-6 ಪರೀಕ್ಷೆಯಲ್ಲಿರುವ ಪ್ರತಿಕಾಯ ಯಾರದ್ದು?

ಪ್ರಶ್ನೆ: ಜ್ವರ ಜೋರಾಗಿ ಅಪ್ಪಯ್ಯನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆವು. ಮಂಗನ ಕಾಯಿಲೆಗೆ ಐಜಿಎಂ ಪರೀಕ್ಷೆ ಮಾಡಿಸಿದರು, ಜೊತೆಗೆ ಐಎಲ್-6 ಅಂತ ಇನ್ನೊಂದನ್ನೂ ಬರೆದುಕೊಟ್ಟರು. ಎರಡೂ ಪ್ರತಿಕಾಯದ ಪರೀಕ್ಷೆಯೇ ಅಂದರು. ಹಾಗಿದ್ದರೆ ಒಂದು ಸಾಲುತ್ತಿರಲಿಲ್ಲವೇ?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಸಾಲುತ್ತಿರಲಿಲ್ಲ. ಒಂದರಲ್ಲಿ ಪ್ರತಿಕಾಯವನ್ನೇ ಹುಡುಕುತ್ತಾರೆ, ಇನ್ನೊಂದರಲ್ಲಿ ಪ್ರತಿಕಾಯವನ್ನು ಬಳಸಿ ಬೇರೇನನ್ನೋ ಹುಡುಕುತ್ತಾರೆ. ಈ ಗೊಂದಲ ನಿಮ್ಮೊಬ್ಬರದಲ್ಲ, ಮಲೆನಾಡಿನಲ್ಲಿ ಜ್ವರದ ಕಾಲ ಬಂತೆಂದರೆ ಹಲವರು ಇದನ್ನೇ ಕೇಳುತ್ತಾರೆ.

ಮಂಗನ ಕಾಯಿಲೆಯ ವೈರಸ್ಸು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯಿತು. ಉಣುಗು ಕಚ್ಚಿ ಅದು ಮೈ ಸೇರಿದರೆ ದೇಹ ಅದರ ವಿರುದ್ಧ ಪ್ರತಿಕಾಯ, ಅಂದರೆ ಅದಕ್ಕೇ ಅಂಟುವ ಪ್ರೋಟೀನು, ತಯಾರಿಸುತ್ತದೆ. ಮೊದಲು ಬರುವ ಬಗೆ ಐಜಿಎಂ. ಅದು ಕಾಣಿಸಿಕೊಳ್ಳಲು ಕೆಲವು ದಿನ ಬೇಕು, ಆದ್ದರಿಂದ ಜ್ವರದ ಮೊದಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಮಾಡಿ ವೈರಸ್ಸನ್ನೇ ನೋಡುತ್ತಾರೆ. ಐಜಿಎಂ ಅಪ್ಪಯ್ಯನದೇ ಪ್ರತಿಕಾಯ. ಅದು ಕಾಯಿಲೆಯ ಹೆಸರು ಹೇಳುತ್ತದೆ.

ಐಎಲ್-6, ಅಂದರೆ ಇಂಟರ್‌ಲ್ಯೂಕಿನ್-6, ಪ್ರತಿಕಾಯ ಅಲ್ಲವೇ ಅಲ್ಲ. ರೋಗನಿರೋಧಕ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೋಟೀನು. ಜ್ವರ ಏರಿಸುವುದರಲ್ಲಿ ಅದರ ಪಾಲಿದೆ. ಯಕೃತ್ತಿನಿಂದ ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನನ್ನು ಹೊರಡಿಸುವುದೂ ಅದೇ. ಆರೋಗ್ಯವಂತರ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ ಇರುತ್ತದೆ. ಒಂದು ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಸಾವಿರಾರು ಬೇರೆ ಪ್ರೋಟೀನುಗಳ ನಡುವೆ ಅಷ್ಟು ಸ್ವಲ್ಪವನ್ನು ಹೆಕ್ಕಲು ಅದಕ್ಕೆ ಮಾತ್ರ ಅಂಟುವ ವಸ್ತು ಬೇಕು. ಆ ಕೆಲಸಕ್ಕೆ ಪ್ರಯೋಗಾಲಯದ ಪ್ರತಿಕಾಯ.

ಇದನ್ನು ತಯಾರಿಸುವ ದಾರಿ ತೋರಿಸಿದವರು ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್, 1975ರಲ್ಲಿ. ಮನುಷ್ಯರ ಐಎಲ್-6 ಅನ್ನು ಇಲಿಗೆ ಚುಚ್ಚಿದರೆ, ಇಲಿಯ ದೇಹ ಅದನ್ನು ಪರಕೀಯವೆಂದು ತಿಳಿದು ಪ್ರತಿಕಾಯ ಮಾಡುತ್ತದೆ. ಅದರ ಗುಲ್ಮದಿಂದ (ಸ್ಪ್ಲೀನ್) ತೆಗೆದ, ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳನ್ನು ಸದಾ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಜೀವಕೋಶಗಳೊಂದಿಗೆ ಬೆಸೆಯುತ್ತಾರೆ. ಹಾಗೆ ಹುಟ್ಟಿದವುಗಳಲ್ಲಿ ಒಳ್ಳೆಯ ಒಂದನ್ನು ಆರಿಸಿ ಬೆಳೆಸಿದರೆ ಒಂದೇ ರೂಪದ ಪ್ರತಿಕಾಯ ಬೇಕಾದಷ್ಟು ಸಿಗುತ್ತದೆ. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವೈದ್ಯಕೀಯಕ್ಕೆ ಇಷ್ಟು ಉಪಕಾರ ಮಾಡಿದ ಸಂಶೋಧನೆಗಳು ಕಡಿಮೆ ಎಂದು ನನ್ನ ನಂಬಿಕೆ.

ಪರೀಕ್ಷೆಗೆ ಸಾಮಾನ್ಯವಾಗಿ ಇಂಥ ಎರಡು ಪ್ರತಿಕಾಯ ಬೇಕು. ಅಡಿಕೆ ಮೂಟೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದ ಹಾಗೆ, ಎರಡೂ ಐಎಲ್-6ರ ಬೇರೆಬೇರೆ ಜಾಗಕ್ಕೆ ಅಂಟಬೇಕು. ಒಂದನ್ನು ತಟ್ಟೆಯ ಗುಳಿಗೆ ಮೊದಲೇ ಹಚ್ಚಿರುತ್ತಾರೆ, ಅದು ರಕ್ತದ ಸೀರಂನಿಂದ ಐಎಲ್-6 ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ತೊಳೆದು ಎರಡನೆಯದನ್ನು ಹಾಕುತ್ತಾರೆ. ಅದಕ್ಕೆ ಜೋಡಿಸಿದ ಕಿಣ್ವ ಬಣ್ಣ ತರುತ್ತದೆ. ಬಣ್ಣ ಗಾಢವಾದಷ್ಟೂ ಐಎಲ್-6 ಹೆಚ್ಚು. ದೊಡ್ಡ ಆಸ್ಪತ್ರೆಗಳ ಯಂತ್ರಗಳು ಬಣ್ಣದ ಬದಲು ಬೆಳಕನ್ನು ಅಳೆಯುತ್ತವೆ, ತತ್ವ ಅದೇ.

ಇಲ್ಲಿ ಒಂದು ತೊಡಕಿದೆ, ಇದನ್ನು ರೋಗಿಯ ಮನೆಯವರು ತಿಳಿದಿರಲೇಬೇಕು. ಕೆಲವರ ರಕ್ತದಲ್ಲಿ ಇಲಿಯ ಪ್ರತಿಕಾಯಕ್ಕೇ ಅಂಟುವ ಪ್ರತಿಕಾಯಗಳಿರುತ್ತವೆ. ಕೀಲುವಾತದವರಲ್ಲಿ ಕಾಣುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಕೂಡ ಹಾಗೆ ಮಾಡಬಲ್ಲದು. ನಡುವೆ ಐಎಲ್-6 ಇಲ್ಲದಿದ್ದರೂ ಕಿಟ್ಟಿನ ಎರಡು ಪ್ರತಿಕಾಯಗಳನ್ನು ಅವು ಸೇರಿಸಿಬಿಟ್ಟರೆ ಅಂಕಿ ಸುಳ್ಳೇ ಏರುತ್ತದೆ. ಕೀಲುವಾತಕ್ಕೆ ಇಂಜೆಕ್ಷನ್ನಾಗಿ ಕೊಡುವ ಟೊಸಿಲಿಜುಮ್ಯಾಬ್ ಎಂಬ ಔಷಧದ ಕತೆ ಬೇರೆ. ಅದು ಜೀವಕೋಶದಲ್ಲಿ ಐಎಲ್-6 ಬಂದು ಕೂರುವ ಜಾಗವನ್ನೇ (ಗ್ರಾಹಕ, ರಿಸೆಪ್ಟರ್) ಮುಚ್ಚುವುದರಿಂದ, ಬಳಕೆಯಾಗದ ಐಎಲ್-6 ರಕ್ತದಲ್ಲಿ ನಿಜವಾಗಿಯೂ ಹೆಚ್ಚುತ್ತದೆ. ರೋಗಿ ಸುಧಾರಿಸುತ್ತಿದ್ದರೂ ವರದಿ ಹೆದರಿಸಬಹುದು.

ಐಎಲ್-6 ಯಾವ ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ. ಮಂಗನ ಕಾಯಿಲೆ, ಇಲಿಜ್ವರ, ನ್ಯುಮೋನಿಯಾ, ಯಾವುದರಲ್ಲಾದರೂ ಏರಬಹುದು. ಉರಿಯೂತ ಎಷ್ಟು ತೀವ್ರ ಎಂಬ ಅಂದಾಜಿಗಷ್ಟೇ ಅದು. ಅಪ್ಪಯ್ಯನಿಗೆ ಕೀಲುವಾತ ಇದ್ದರೆ, ಅದಕ್ಕೆ ಇಂಜೆಕ್ಷನ್ ನಡೆಯುತ್ತಿದ್ದರೆ, ಮುಂದಿನ ಸಲ ರಕ್ತ ಕೊಡುವ ಮೊದಲೇ ಡಾಕ್ಟರಿಗೆ ಹೇಳಿ.