ಮುಕ್ಕಾಲಿಗಳ ಕಥೆ ಮೂರೋ ನಾಲ್ಕೋ?

ಧಾರವಾಡದಲ್ಲಿ ನಾವು ಏಳೆಂಟು ಮಂದಿ ಭಾನುವಾರ ಮುಂಜಾನೆ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಮಕ್ಕಳೂ ಬರುತ್ತಾರೆ. ಒಬ್ಬರು ಇಂಗ್ಲಿಷಿನಲ್ಲಿ ಓದುತ್ತ, ಅಲ್ಲಲ್ಲೇ ಕನ್ನಡದಲ್ಲಿ ಹೇಳುತ್ತ ಹೋಗುವುದು ರೂಢಿ. ಈ ಮಳೆಗಾಲಕ್ಕೆ ಜಾನ್ ಕ್ರಿಸ್ಟೋಫರ್ ಅವರ ‘ಟ್ರೈಪಾಡ್ಸ್’ (ಮುಕ್ಕಾಲಿಗಳು) ಕಾದಂಬರಿ ತ್ರಿವಳಿ ಎತ್ತಿಕೊಂಡೆವು. ಮೊದಲ ದಿನವೇ ತಕರಾರು. ಒಬ್ಬರ ಬಳಿ ಮೂರು ಪುಸ್ತಕ, ಇನ್ನೊಬ್ಬರು ತರಿಸಿದ ಪೆಟ್ಟಿಗೆಯಲ್ಲಿ ನಾಲ್ಕು. ಟಿವಿ ಧಾರಾವಾಹಿ ನೋಡಿದ್ದ ಮತ್ತೊಬ್ಬರ ಪ್ರಕಾರ ಕಥೆ ಮುಗಿಯುವುದು ಬೇರೆಯೇ ಕಡೆ. ಯಾವುದರಿಂದ ಶುರುಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಇಷ್ಟು ಗೋಜಲಾದದ್ದು ಹೇಗೆ ಎಂದು ಬಿಡಿಸಿ ನೋಡುವುದು ಅವತ್ತೇ ಬೇಕೆನಿಸಿತು.

ಜಾನ್ ಕ್ರಿಸ್ಟೋಫರ್ ಎಂಬುದು ಕಾವ್ಯನಾಮ. ನಿಜ ಹೆಸರು ಸ್ಯಾಮ್ ಯೂಡ್. 1922ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡರು. ಭತ್ತ, ಗೋಧಿಯಂಥ ಹುಲ್ಲಿನ ಜಾತಿಯ ಬೆಳೆಗಳೆಲ್ಲ ಒಂದು ವೈರಸ್ಸಿಗೆ ಬಲಿಯಾಗುವ ಕಥೆಯನ್ನು 1956ರಲ್ಲಿ ‘ದಿ ಡೆತ್ ಆಫ್ ಗ್ರಾಸ್’ ಎಂಬ ಕಾದಂಬರಿಯಾಗಿ ಬರೆದು ಹೆಸರಾದವರು. ಮೂರು ಕಾಲಿನ ಯಂತ್ರಗಳು ಭೂಮಿಯ ಮೇಲೆ ದಂಡೆತ್ತಿ ಬರುವುದನ್ನು ಎಚ್.ಜಿ. ವೆಲ್ಸ್ 1898ರಲ್ಲೇ ಬರೆದಿದ್ದರು. ಆದರೆ ಅಲ್ಲಿ ರೋಗಾಣುಗಳಿಂದಾಗಿ ಮನುಷ್ಯ ಬದುಕಿಕೊಂಡ. ಕ್ರಿಸ್ಟೋಫರ್ ಹಿಡಿದ ಎಳೆ ಇನ್ನೊಂದು: ಮನುಷ್ಯ ಸೋತೇ ಹೋಗಿದ್ದಾನೆ, ಸೋತು ತಲೆಮಾರುಗಳೇ ಕಳೆದಿವೆ, ಸೋತದ್ದೂ ಅವನಿಗೆ ಮರೆತಿದೆ.

‘ದಿ ವೈಟ್ ಮೌಂಟೇನ್ಸ್’, ‘ದಿ ಸಿಟಿ ಆಫ್ ಗೋಲ್ಡ್ ಆ್ಯಂಡ್ ಲೆಡ್’ ಎರಡೂ 1967ರಲ್ಲಿ, ‘ದಿ ಪೂಲ್ ಆಫ್ ಫೈರ್’ 1968ರಲ್ಲಿ ಬಂದವು. ಮೂಲ ತ್ರಿವಳಿ ಎಂದರೆ ಇವಿಷ್ಟೇ.

ಶುರುವಾಗುವುದು ಒಂದು ಇಂಗ್ಲಿಷ್ ಹಳ್ಳಿಯಲ್ಲಿ. ಅಲ್ಲಿ ಹಿಟ್ಟಿನ ಗಿರಣಿ ಇದೆ, ಕುದುರೆಗಳಿವೆ, ಸುಗ್ಗಿ ಇದೆ. ಕರೆಂಟು, ಮೋಟಾರು ಇಲ್ಲ. ವಿಲ್ ಎಂಬ ಹುಡುಗನ ಅಪ್ಪನ ಬಳಿ ಪೂರ್ವಿಕರ ಕಾಲದ ಒಂದು ಕೈಗಡಿಯಾರ ಇದೆ. ಅಂಥದ್ದನ್ನು ಮಾಡಬಲ್ಲವರು ಈಗ ಯಾರೂ ಇಲ್ಲ. ಆಗಾಗ ದೂರದಲ್ಲಿ ಮೂರು ಕಾಲಿನ ದೈತ್ಯ ಯಂತ್ರವೊಂದು ಹೊಲ ದಾಟಿ ಹೋಗುತ್ತದೆ, ಜನ ನೋಡಿ ಸುಮ್ಮನಿರುತ್ತಾರೆ. ಅದರೊಳಗೆ ಯಾರಿದ್ದಾರೆ, ಅದೇ ಒಂದು ಜೀವವೋ, ಯಾರಿಗೂ ಗೊತ್ತಿಲ್ಲ. ಮಕ್ಕಳಿಗೆ ಹದಿನಾಲ್ಕು ತುಂಬಿದಾಗ ಅದು ಊರಿಗೇ ಬರುತ್ತದೆ. ನಮ್ಮಲ್ಲಿ ಜವಳ ತೆಗೆಸುವಾಗ ಬಂಧುಬಳಗ ಕೂಡುವಂತೆ ಅಲ್ಲೂ ಊರಿಗೂರೇ ಕೂಡುತ್ತದೆ, ಊಟದ ಏರ್ಪಾಡಾಗುತ್ತದೆ. ಕೂದಲು ತೆಗೆಸಿಕೊಂಡ ಹುಡುಗನನ್ನು ಮುಕ್ಕಾಲಿಯ ಉಕ್ಕಿನ ಸೊಂಡಿಲು ಮೇಲೆತ್ತಿಕೊಳ್ಳುತ್ತದೆ. ಇಳಿದು ಬರುವಾಗ ಅವನ ನೆತ್ತಿಗೆ ಲೋಹದ ಜಾಲರಿಯೊಂದು ಬೆಸೆದಿರುತ್ತದೆ. ಸಾಯುವತನಕ ಅದು ಕಳಚುವುದಿಲ್ಲ. ಅಲ್ಲಿಂದ ಮುಂದೆ ಅವನಿಗೆ ಅನುಮಾನವಿಲ್ಲ, ಸಿಟ್ಟಿಲ್ಲ, ಮುಕ್ಕಾಲಿಗಳನ್ನು ಕಂಡರೆ ಭಕ್ತಿ.

ಇದನ್ನು ಕನ್ನಡದಲ್ಲಿ ಹೇಳುವಾಗ ಒಂದು ಸಂಗತಿ ತಾನಾಗಿ ಒದಗಿತು. ಇಂಗ್ಲಿಷಿನ ‘ಕ್ಯಾಪಿಂಗ್’ ಎಂಬುದಕ್ಕೆ ನಾನು “ಟೊಪ್ಪಿಗಿ ಹಾಕೂದು” ಎಂದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಟೋಪಿ ಹಾಕುವುದೆಂದರೆ ನಮ್ಮಲ್ಲಿ ಮೋಸ ಮಾಡುವುದು ತಾನೆ? ಕಾದಂಬರಿಕಾರ ಇಡೀ ಪುಸ್ತಕದಲ್ಲಿ ಹೇಳಹೊರಟದ್ದನ್ನು ನಮ್ಮ ಭಾಷೆ ಎರಡು ಪದದಲ್ಲಿ ಮೊದಲೇ ಇಟ್ಟುಕೊಂಡಿತ್ತು. ನಕ್ಕು ಮುಗಿದ ಮೇಲೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವ ಒಂಬತ್ತನೇ ಇಯತ್ತೆಯ ಹುಡುಗ ಕೇಳಿದ: “ಆದರ ಟೊಪ್ಪಿಗಿ ಹಾಕ್ಕೊಂಡವ್ರು ಆರಾಮ ಅದಾರಲ್ರೀ ಸರ. ಜಗಳಿಲ್ಲ, ಯುದ್ಧಿಲ್ಲ. ಮತ್ತ ಯಾಕ ಓಡಿ ಹೋಗ್ತಾರ್ರಿ ಇವ್ರು?”

ತ್ರಿವಳಿಯ ಹುರುಳಿರುವುದು ಆ ಪ್ರಶ್ನೆಯಲ್ಲೇ. ಮೊದಲ ಭಾಗವನ್ನು ಬರೀ ಸಾಹಸದ ಕಥೆ ಎಂದು ಓದಿ ಮುಗಿಸುವವರೇ ಹೆಚ್ಚು. ವಿಲ್, ಅವನ ಸೋದರಸಂಬಂಧಿ ಹೆನ್ರಿ, ಫ್ರಾನ್ಸಿನಲ್ಲಿ ಜೊತೆಯಾಗುವ ಕಡ್ಡಿದೇಹದ ಜಾಂ-ಪಾಲ್, ಮೂವರೂ ಟೊಪ್ಪಿಗೆ ತಪ್ಪಿಸಿಕೊಂಡು ಆಲ್ಪ್ಸ್ ಪರ್ವತದಲ್ಲಿ ಅಡಗಿರುವ ಸ್ವತಂತ್ರರ ಗುಂಪನ್ನು ಹುಡುಕಿ ನಡೆಯುತ್ತಾರೆ. ದಾರಿಯಲ್ಲಿ ಕುದುರೆಗಳು ಹಳಿಯ ಮೇಲೆ ರೈಲು ಎಳೆಯುತ್ತವೆ, ಪ್ಯಾರಿಸ್ ಹಾಳುಬಿದ್ದಿದೆ. ಓಡಿಸಿಕೊಂಡು ಹೋಗುವ ಕಥನ, ಒಪ್ಪುತ್ತೇನೆ. ಆದರೆ ನಡುವೆ ಒಂದು ಕೋಟೆ ಬರುತ್ತದೆ. ಜ್ವರ ಬಂದು ಮಲಗಿದ ವಿಲ್ಲನನ್ನು ಅಲ್ಲಿಯ ಮನೆತನ ಮಗನಂತೆ ನೋಡಿಕೊಳ್ಳುತ್ತದೆ. ಆ ಮನೆಯ ಮಗಳು ಎಲೋಯಿಸ್. ಅವಳ ತಲೆವಸ್ತ್ರದ ಅಡಿಯಲ್ಲಿ ಜಾಲರಿ ಇದೆ. ಅವಳು ಒಳ್ಳೆಯವಳು, ಮನೆಯವರೂ ಒಳ್ಳೆಯವರು, ಅವರ ಪ್ರೀತಿಯೂ ನಿಜ. ಇಲ್ಲೇ ಉಳಿದು ತಾನೂ ಟೊಪ್ಪಿಗೆ ಹಾಕಿಸಿಕೊಳ್ಳೋಣ ಎಂದು ವಿಲ್ ಯೋಚಿಸುತ್ತಾನೆ. ಆಗ ಅವಳು ಬಂದು ಹೇಳುತ್ತಾಳೆ, ಪಂದ್ಯಾವಳಿಯ ರಾಣಿಯಾಗಿ ತನ್ನನ್ನು ಆರಿಸಿದ್ದಾರೆ, ಮುಕ್ಕಾಲಿಗಳ ನಗರಕ್ಕೆ ಸೇವೆಗೆ ಹೊರಟಿದ್ದೇನೆ ಎಂದು. ಅವಳ ಮುಖದಲ್ಲಿ ಅಳುಕಿಲ್ಲ, ಹಿಗ್ಗಿದೆ. ನನಗೆ ಇಡೀ ಪುಸ್ತಕದಲ್ಲಿ ಎದೆ ಝಲ್ಲೆನ್ನುವ ಜಾಗ ಇದು. ಇಲ್ಲಿ ಯಾರೂ ಕೂಗಾಡುವುದಿಲ್ಲ, ಒಂದು ಹನಿ ರಕ್ತವೂ ಬೀಳುವುದಿಲ್ಲ.

ಎರಡನೆಯ ಭಾಗ ನನ್ನ ಕೈಗೆ ಬಂದದ್ದು ಎಲ್ಲಕ್ಕಿಂತ ಮೊದಲು, ಹುಬ್ಬಳ್ಳಿಯ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ. ರಟ್ಟು ಕಿತ್ತು ಅಂಟುಪಟ್ಟಿ ಹಚ್ಚಿದ್ದ ಪ್ರತಿ. ಒಳಗೆ ಯಾವುದೋ ಗ್ರಂಥಾಲಯದ ಚೀಟಿ, ಅದರ ಮೇಲೆ ನಾಲ್ಕೇ ತಾರೀಖಿನ ಮುದ್ರೆ. ಒಂದು ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಉದ್ದಕ್ಕೆ ಗೆರೆ ಎಳೆದಿದ್ದರು. ಮೊದಲ ಭಾಗ ಓದದೆ ಆ ಗೆರೆ ಏಕೆಂದು ನನಗೆ ತಿಳಿಯಲಿಲ್ಲ. ವರ್ಷಗಳ ಮೇಲೆ ಅನುಕ್ರಮವಾಗಿ ಓದಿದಾಗ ತಿಳಿಯಿತು. ಆಟದ ಪಂದ್ಯದಲ್ಲಿ ಗೆದ್ದು, ನಕಲಿ ಟೊಪ್ಪಿಗೆ ತೊಟ್ಟು, ವಿಲ್ ಗೂಢಚಾರನಾಗಿ ಚಿನ್ನದ ಗೋಡೆಯ ನಗರ ಹೊಕ್ಕಿದ್ದಾನೆ. ಅಲ್ಲಿ ಗಾಳಿ ಹಸಿರು, ಮನುಷ್ಯನಿಗೆ ವಿಷ. ಗುರುತ್ವ ಎಷ್ಟೆಂದರೆ ಮೈಯೇ ಸೀಸದ ತೂಕ. ಮುಖವಾಡ ತೊಟ್ಟ ಹುಡುಗರು ಒಡೆಯರ, ಅಂದರೆ ಮುಕ್ಕಾಲಿಗಳನ್ನು ನಡೆಸುವ ಬೇರೆ ಲೋಕದ ಜೀವಿಗಳ, ಚಾಕರಿ ಮಾಡುತ್ತ ಬೇಗನೆ ಸವೆದು ಹೋಗುತ್ತಾರೆ. ಒಡೆಯರು ಚಂದದ ವಸ್ತುಗಳನ್ನು ಕೂಡಿಟ್ಟ ಜಾಗವೊಂದಿದೆ. ಹಲಗೆಗೆ ಚುಚ್ಚಿಟ್ಟ ಪಾತರಗಿತ್ತಿಯಂತೆ, ಕೊಳೆಯದಂತೆ ಕಾಪಿಟ್ಟ ಹುಡುಗಿಯರ ಸಾಲಿನಲ್ಲಿ ಎಲೋಯಿಸ್ ಮಲಗಿದ್ದಾಳೆ. ಪೆನ್ಸಿಲಿನ ಗೆರೆ ಇದ್ದದ್ದು ಆ ಪುಟದಲ್ಲಿ.

ವಿಲ್ಲನ ಒಡೆಯ ಕ್ರೂರಿಯೂ ಅಲ್ಲ. ಅವನನ್ನು ಸಾಕುಪ್ರಾಣಿಯಂತೆ ಮುದ್ದಿಸುತ್ತಾನೆ. ಭೂಮಿಯ ಗಾಳಿಯನ್ನೇ ತಮಗೆ ಒಗ್ಗುವಂತೆ ಬದಲಿಸುವ ಯೋಜನೆಯಿದೆ, ಅದಕ್ಕೆ ಬೇಕಾದ ಯಂತ್ರಗಳು ತಮ್ಮ ಲೋಕದಿಂದ ಹೊರಟಿವೆ ಎಂದು ಹೇಳುವುದೂ ಅದೇ ಅಕ್ಕರೆಯ ಮಾತಿನ ನಡುವೆ.

ಇನ್ನು ಟಿವಿಯ ಮಾತು. ಬಿಬಿಸಿ 1984ರಲ್ಲಿ ಮೊದಲ ಭಾಗವನ್ನು 13 ಕಂತುಗಳಲ್ಲಿ, 1985ರಲ್ಲಿ ಎರಡನೆಯದನ್ನು 12 ಕಂತುಗಳಲ್ಲಿ ತೋರಿಸಿತು. ಮೂರನೆಯದು ತಯಾರಾಗಲೇ ಇಲ್ಲ. ಧಾರಾವಾಹಿ ಕೊನೆಗೊಂಡದ್ದು ಹುಡುಗರು ಪರ್ವತಕ್ಕೆ ಮರಳಿ ಬಂದಾಗ ಸ್ವತಂತ್ರರ ನೆಲೆ ಧ್ವಂಸವಾಗಿರುವ ದೃಶ್ಯಕ್ಕೆ. ಪುಸ್ತಕದಲ್ಲಿ ಹಾಗಿಲ್ಲ. ಆದರೆ ಧಾರಾವಾಹಿಯಿಂದಲೇ ಕಥೆಯ ಪರಿಚಯವಾದವರ ಪಾಲಿಗೆ ಅದೇ ಕೊನೆ. ಮೂರನೆಯ ಪುಸ್ತಕ ಓದುಗರ ನೆನಪಿನಿಂದ ಜಾರಲು ಇದೊಂದು ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ.

ಧಾರಾವಾಹಿಯ ಕಾಲದಲ್ಲೇ ಇನ್ನೊಂದು ಆಕ್ಷೇಪಣೆ ಬಂತು: ಇಂಥ ಒಡ್ಡೊಡ್ಡು ಯಂತ್ರಗಳು ಇಪ್ಪತ್ತನೇ ಶತಮಾನದ ಸೈನ್ಯಗಳನ್ನು ಸೋಲಿಸಿದ್ದು ಹೇಗೆ? ಕ್ರಿಸ್ಟೋಫರ್ 1988ರಲ್ಲಿ ‘ವೆನ್ ದಿ ಟ್ರೈಪಾಡ್ಸ್ ಕೇಮ್’ ಬರೆದು ಉತ್ತರ ಕೊಟ್ಟರು. ಒಡೆಯರು ಯುದ್ಧದಿಂದ ಗೆಲ್ಲಲಿಲ್ಲ. ಟಿವಿಯ ಒಂದು ಕಾರ್ಯಕ್ರಮದಿಂದ ನೋಡುವವರ ಮನಸ್ಸನ್ನೇ ಹಿಡಿದುಕೊಂಡರು, ಟೊಪ್ಪಿಗೆ ಆಮೇಲೆ ಬಂತು. ಉತ್ತರ ಜಾಣತನದ್ದೇ. ನಾಲ್ಕೂ ಪುಸ್ತಕ ಒಂದೇ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದಾಗಿನಿಂದ, ಕಾಲಾನುಕ್ರಮದಲ್ಲಿ ಮೊದಲಿನದು ಎಂದು ಹಲವರು ಇದನ್ನೇ ಮೊದಲು ಓದುತ್ತಾರೆ. ಹಾಗೆ ಮಾಡಬೇಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಮುಕ್ಕಾಲಿಗಳನ್ನು ಪೂರ್ವಿಕರೇ ಮಾಡಿ ಕೈತಪ್ಪಿಸಿಕೊಂಡರೋ, ಅವು ಆಕಾಶದಿಂದ ಇಳಿದವೋ ಎಂಬುದು ವಿಲ್ಲನಿಗೆ ತಿಳಿಯದು. ಆ ಕತ್ತಲಲ್ಲಿ ಅವನ ಜೊತೆ ನಡೆಯುವುದೇ ಮೊದಲ ಪುಸ್ತಕದ ಸುಖ. ಮೊದಲೇ ದೀಪ ಹಚ್ಚಿಕೊಂಡು ಹೋದರೆ ಆ ನಡಿಗೆಯೇ ಕೆಡುತ್ತದೆ.

ಕೊರತೆಯೂ ಇದೆ. ಎಲೋಯಿಸ್ ಒಬ್ಬಳನ್ನು ಬಿಟ್ಟರೆ ಮೂರೂ ಪುಸ್ತಕದಲ್ಲಿ ನೆನಪಿನಲ್ಲಿ ಉಳಿಯುವ ಹೆಣ್ಣು ಪಾತ್ರವಿಲ್ಲ. ಗದಗಿನಿಂದ ರಜೆಗೆ ಬಂದಿದ್ದ ಹುಡುಗಿಯೊಬ್ಬಳು ಎರಡನೇ ವಾರವೇ ಇದನ್ನು ಎತ್ತಿದಳು: “ಓಡಿ ಹೋಗಾಕ ಹುಡುಗ್ಯಾರಿಗೆ ಬರಂಗಿಲ್ಲೇನು?” ಅವಳ ಮಾತು ತೆಗೆದುಹಾಕುವಂಥದ್ದಲ್ಲ.

ಮೂರನೆಯದರ ಕೊನೆ ಇಲ್ಲಿ ಹೇಳಲೇಬೇಕು, ತ್ರಿವಳಿಯನ್ನು ಮತ್ತೆ ಓದಬೇಕೆನ್ನಲು ನನಗಿರುವ ಕಾರಣ ಅದೇ. ಒಡೆಯರಿಗೆ ಮದ್ಯ ತಡೆಯದು ಎಂಬುದು ಸೆರೆಸಿಕ್ಕ ಒಬ್ಬನಿಂದ ಪತ್ತೆಯಾಗುತ್ತದೆ. ಮೂರು ನಗರಗಳಲ್ಲಿ ಎರಡು ಬೀಳುತ್ತವೆ. ಉಳಿದದ್ದಕ್ಕೆ ಬಲೂನುಗಳಲ್ಲಿ ಬಾಂಬು ಒಯ್ಯುತ್ತಾರೆ. ಹೆನ್ರಿ ನಗರದ ಗುಮ್ಮಟದ ಮೇಲೆ ಧುಮುಕಿ, ಬಾಂಬು ಸಿಡಿಯುವತನಕ ಅದನ್ನು ಹಿಡಿದು ನಿಂತು ಸಾಯುತ್ತಾನೆ. ಭೂಮಿ ಉಳಿಯುತ್ತದೆ. ಬೇರೆ ಲೇಖಕರು ಅಲ್ಲಿಗೇ ಮಂಗಳ ಹಾಡುತ್ತಿದ್ದರು. ಇಲ್ಲಿ ಇನ್ನೊಂದು ಅಧ್ಯಾಯವಿದೆ: ಬೇರೆ ಬೇರೆ ದೇಶಗಳ ಪ್ರತಿನಿಧಿಗಳು ಅದೇ ಬಿಳಿ ಪರ್ವತದಲ್ಲಿ ಸಭೆ ಸೇರುತ್ತಾರೆ. ಹೋರಾಟ ಕಟ್ಟಿದ ಜೂಲಿಯಸ್‌ನನ್ನು ನಾಯಕತ್ವದಿಂದ ಇಳಿಸುತ್ತಾರೆ. ದೇಶದೇಶಗಳ ಹಳೇ ಜಗಳ ಮತ್ತೆ ತಲೆ ಎತ್ತುತ್ತದೆ, ಸಭೆ ಒಡೆಯುತ್ತದೆ. ವಿಲ್‌ಗೆ ಬೇಕಾದದ್ದು ಸಮುದ್ರಯಾನ, ಜಾಂ-ಪಾಲ್‌ಗೆ ವಿಜ್ಞಾನ, ನಗರದಲ್ಲಿ ಜೊತೆಗಿದ್ದ ಫ್ರಿಟ್ಸ್‌ಗೆ ಬೇಸಾಯ. ಮೂವರೂ ಅದನ್ನು ಬದಿಗಿಟ್ಟು, ಜನರನ್ನು ಒಂದುಗೂಡಿಸುವ ಕೆಲಸಕ್ಕೆ ಕೈಹಾಕಲು ನಿರ್ಧರಿಸುತ್ತಾರೆ.

ಆ ಅಧ್ಯಾಯ ಓದಿದ ಭಾನುವಾರ ನಮ್ಮ ಹುಬ್ಬಳ್ಳಿಯ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಪುಸ್ತಕ ಇಸಿದುಕೊಂಡು ಸಭೆ ಒಡೆಯುವ ಪುಟ ತೆಗೆದು, “ಇದನ್ನ ಇನ್ನೊಮ್ಮೆ ಕನ್ನಡದಾಗ ಹೇಳ್ರಿ ಸರ, ಸಾವಕಾಶ” ಎಂದ. ಹೇಳಿದೆ. ಬಸ್ಸಿಗೆ ಹೊರಡುವಾಗ ಎರಡನೇ ಭಾಗದ ಆ ಹಳೇ ಪ್ರತಿಯನ್ನು ಕೇಳಿ ಒಯ್ದಿದ್ದಾನೆ.