ಓಆರ್‌ಎಸ್ ಪೊಟ್ಟಣವನ್ನು ಚಮಚದಲ್ಲಿ ಅಳೆಯಬೇಡಿ

ಭೇದಿಯಾದ ಕೂಸನ್ನು ಕರೆತರುವ ತಾಯ್ತಂದೆಯರಲ್ಲಿ ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿ) ಹೆಸರು ಕೇಳದವರು ಈಗ ಅಪರೂಪ. ಆದರೆ ಹೇಗೆ ಕಲಸಿದಿರಿ ಎಂದು ವಿಚಾರಿಸಿದರೆ, ಬೇಕೆನಿಸಿದಾಗಲೆಲ್ಲ ಅರ್ಧ ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕುಡಿಸಿ, ಪೊಟ್ಟಣದ ಬಾಯಿ ಮಡಚಿಟ್ಟಿದ್ದೇವೆ ಎಂಬ ಉತ್ತರವೇ ಮತ್ತೆ ಮತ್ತೆ ಬರುತ್ತದೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿದರೆ ಎಳೆಯ ಮಗು ಅಷ್ಟನ್ನೂ ಕುಡಿಯುವುದಿಲ್ಲ, ಮಿಕ್ಕದ್ದು ಚೆಲ್ಲಿಹೋಗುತ್ತದೆ ಎಂಬುದು ಅವರ ಲೆಕ್ಕ. ಈ ಉಳಿತಾಯವನ್ನು ದಯವಿಟ್ಟು ಮಾಡಬೇಡಿ.

ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಹೀರಲ್ಪಡುತ್ತವೆ, ಅವುಗಳ ಬೆನ್ನಿಗೆ ನೀರೂ ದೇಹ ಸೇರುತ್ತದೆ. ಭೇದಿಯ ವೇಳೆಯಲ್ಲೂ ಈ ದಾರಿ ಸಾಮಾನ್ಯವಾಗಿ ತೆರೆದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಸೇರಿ ಒಟ್ಟು 20.5 ಗ್ರಾಂ ಪುಡಿ ಬೇಕು. ಚಮಚಕ್ಕೆ 5 ಗ್ರಾಂ, ಅರ್ಧ ಲೋಟಕ್ಕೆ 100 ಮಿ.ಲೀ. ಎಂದು ಹಿಡಿದರೂ ನೀವು ಕುಡಿಸುತ್ತಿರುವುದು ಎರಡು ಪಟ್ಟಿಗೂ ಮೀರಿದ ಗಟ್ಟಿ ದ್ರಾವಣ. ಅದು ರಕ್ತದಲ್ಲಿದ್ದ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸಬಹುದು; ರಕ್ತದ ಸೋಡಿಯಂ ವಿಪರೀತ ಏರಿದರೆ ಮಗುವಿಗೆ ಫಿಟ್ಸ್ ಕೂಡ ಬರಬಹುದು. ತೀರ ತೆಳುವಾದರೆ ಕಳೆದುಹೋದ ಲವಣ ಮರಳಿ ಸಿಗುವುದಿಲ್ಲ. ಇಷ್ಟಲ್ಲದೆ, ಪುಡಿಯೊಳಗಿನ ಪದಾರ್ಥಗಳು ಪ್ರತಿ ಚಮಚಕ್ಕೂ ಸಮನಾಗಿ ಬರುತ್ತವೆಂಬ ಭರವಸೆಯೂ ಇಲ್ಲ.

1971ರಲ್ಲಿ ಬಾಂಗ್ಲಾ ಗಡಿಯ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಾಲನಬಿಸ್ ಅವರ ತಂಡ ಉಪ್ಪು, ಗ್ಲೂಕೋಸುಗಳನ್ನು ಮೊದಲೇ ತೂಗಿ ಚೀಲಗಳಲ್ಲಿ ತುಂಬಿಸಿತ್ತು. ದ್ರಾವಣ ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ತೂಗುವ ಹೊಣೆ ಮನೆಯವರ ಮೇಲೆ ಬೀಳಬಾರದೆಂದೇ ಪೊಟ್ಟಣವಿರುವುದು.

ಅಂಗಡಿಯಲ್ಲಿ 200 ಮಿ.ಲೀ. ನೀರಿಗಾಗುವ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಬರೆದಿರುವ ಅಳತೆಯನ್ನು ಓದಿಯೇ ಕಲಸಿ. ತುಮಕೂರು ಕಡೆಯ ಅಜ್ಜಿಯೊಬ್ಬರು ಒಂದು ಲೀಟರಿನ ನೀರಿನ ಬಾಟಲಿಯನ್ನು ತೊಳೆದು, ಕಾಯಿಸಿ ಆರಿಸಿದ ನೀರು ತುಂಬಿ, ಇಡೀ ಪೊಟ್ಟಣ ಸುರಿದು ತಂದು ತೋರಿಸಿದರು. "ಅಳತೆ ನನಗೆ ನೆನಪಿರೋಲ್ಲ ಡಾಕ್ಟ್ರೇ, ಬಾಟಲಿ ಮಾತ್ರ ಗೊತ್ತು" ಎಂದ ಆ ತಾಯಿಯ ಬಗ್ಗೆ ನನಗೆ ಅಪಾರ ಗೌರವ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ, ಅದರಲ್ಲಿ ನಷ್ಟವೇನೂ ಇಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ.ನಷ್ಟನ್ನು ಚಮಚದಲ್ಲಿ ಕುಡಿಸಬಹುದು. ವಾಂತಿಯಾದರೆ ಹತ್ತು ನಿಮಿಷ ತಡೆದು, ಇನ್ನೂ ನಿಧಾನವಾಗಿ ಮುಂದುವರಿಸಿ. ಎದೆಹಾಲು ನಿಲ್ಲಿಸಬೇಡಿ. ಭೇದಿಗೆ ಜೊತೆಯಾಗಿ ಕೊಡುವ ಜಿಂಕ್ ಔಷಧದ ಪ್ರಮಾಣವನ್ನು ವೈದ್ಯರೇ ಹೇಳಲಿ. ನೆತ್ತಿ ಬಿದ್ದಿದೆ ಎಂದು ಹಿರಿಯರು ಹೇಳಿದರೆ ಆ ಮಾತನ್ನು ತಳ್ಳಿಹಾಕಬೇಡಿ, ಅದು ನೀರು ಬತ್ತಿರುವ ಲಕ್ಷಣವಿರಬಹುದು; ಆದರೆ ಹರಳೆಣ್ಣೆ ಹಚ್ಚಿ ಕಾಯುತ್ತಾ ಕೂರಬೇಡಿ. ಮಲದಲ್ಲಿ ರಕ್ತ ಕಂಡರೆ, ಮಗು ಆರು ಗಂಟೆ ಮೂತ್ರ ಮಾಡದಿದ್ದರೆ, ಮಂಕಾಗಿ ಕುಡಿಯಲೊಲ್ಲದಿದ್ದರೆ ಅಥವಾ ಇನ್ನೂ ಆರು ತಿಂಗಳು ತುಂಬದ ಕೂಸಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ನುಂಗಬಲ್ಲಷ್ಟನ್ನು ಕುಡಿಸುತ್ತಲೇ ಇರಿ.